ಮೇಷ್ಟ್ರು ಕೆರೆದ ಬಾಯಿ

"ಅಮ್ಮಾ, ಮೇಷ್ಟ್ರು ನನ್ನ ಬಾಯಿ ಕೆರೆದು ಹಾಕಿಬಿಟ್ರು."

ಅಮ್ಮ ಹೊಲಿಗೆ ಮೆಷಿನ್ನಿನ ಮುಂದೆ ಕೂತು ಯಾರದೋ ಪ್ಯಾಂಟಿನ ಅಂಚು ಮಡಚುತ್ತಿದ್ದಳು. ತುಟಿಗಳ ನಡುವೆ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು.

"ಯಾರ ಬಾಯಿ?"

"ಚಿತ್ರದ್ದಮ್ಮ. ಮುಖ ಪೂರ್ತಿ ಇದೆ, ಬಾಯಿ ಇದ್ದ ಕಡೆ ಬರೀ ಬೂದು ಕಲೆ. ಮಾಸ್ಕ್ ಹಾಕ್ಕೊಂಡು ಮದುವೆಗೆ ಹೊರಟವಳ ಥರ ಇದೀನಿ."

ನನಗೇ ನಗು ಬಂತು. ನಗು ಬಂದರೆ ಈಗ ಕೈ ತಾನಾಗಿ ಬಾಯಿಗೆ ಹೋಗುತ್ತದೆ. ಕಳೆದ ವರ್ಷ ಒಂದು ಬೆಳಿಗ್ಗೆ ಹಲ್ಲುಜ್ಜಿ ಬಾಯಿ ಮುಕ್ಕಳಿಸಿದರೆ ನೀರೆಲ್ಲ ಎಡಗಡೆಯಿಂದ ಸೋರಿತು. ಮುಖದ ಆ ಅರ್ಧ ಹೇಳದೆ ಕೇಳದೆ ರಜೆ ಹಾಕಿತ್ತು. ನರದ ತೊಂದರೆ, ತಾನಾಗಿ ಸರಿಹೋಗುತ್ತದೆ ಎಂದರು ಡಾಕ್ಟರು. ಮುಚ್ಚಲಾಗದಿದ್ದ ಕಣ್ಣು ಹೇಗೋ ಮತ್ತೆ ಮುಚ್ಚತೊಡಗಿತು. ಬಾಯಿ ಮಾತ್ರ ಜೋತುಬಿದ್ದೇ ಇದೆ. ಮೊದಲು ನಾನೂ ತುಟಿಯಲ್ಲಿ ಸೂಜಿ ಹಿಡಿದು ಅಮ್ಮನಿಗೆ ಅಂಚು ಮಡಚಿಕೊಡುತ್ತಿದ್ದೆ. ಈಗ ಸೂಜಿ ನಿಲ್ಲುವುದಿಲ್ಲ. ಗೋಡೆ ಒದ್ದೆಯಾಗುತ್ತಿದೆ ಎಂದು ನೆಪ ಹೇಳಿ ಅಮ್ಮ ಬಚ್ಚಲಿನ ಕನ್ನಡಿಯನ್ನು ಮಂಚದ ಕೆಳಗಿಟ್ಟಳು.

"ಅವರಿಗೇನು ಬಂದಿದೆಯಂತೆ? ಫೋನಲ್ಲಿ ತೋರಿಸಿದ್ಯಲ್ಲ, ಚೆನ್ನಾಗೇ ಬಂದಿತ್ತು."

"ಚೆನ್ನಾಗಿ ಬಂದಿದ್ದೇ ತಪ್ಪಂತೆ."

ನಮ್ಮ ಎಣ್ಣೆಬಣ್ಣದ ಕ್ಲಾಸಿನಲ್ಲಿ ತನ್ನ ಮುಖವನ್ನು ಕನ್ನಡಿ ನೋಡಿಯೇ ಬರೆಯಬೇಕು. ಹಣೆ, ಮೂಗು, ಸಣ್ಣಗಾದ ಎಡಗಣ್ಣು ಎಲ್ಲವನ್ನೂ ಹಾಗೆಯೇ ಬರೆದೆ. ಬಾಯಿಯ ಹತ್ತಿರ ಬಂದಾಗ ಕೈ ನಿಂತುಹೋಯಿತು. ಕ್ಯಾನ್ವಾಸು ನಿಲ್ಲಿಸಿದ್ದ ಈಸೆಲ್ಲಿಗೆ ಫೋನನ್ನು ಒರಗಿಸಿ, ಹಳೇ ಫೋಟೋ ನೋಡಿಕೊಂಡು ಹಳೇ ನಗು ಬರೆದೆ. ಮೇಷ್ಟ್ರು ಬಂದು ಚಿತ್ರದ ಮುಂದೆ ಬಗ್ಗಿದರು.

"ಮಿಕ್ಕಿದ್ದೆಲ್ಲ ನೀನು. ಈ ಬಾಯಿ ಯಾರ ಮನೆಯಿಂದ ತಂದೆ?"

ಎಣ್ಣೆಬಣ್ಣ ಬೇಗ ಒಣಗುವುದಿಲ್ಲ. ಬಣ್ಣ ಕಲಸುವ ಚಪ್ಪಟೆ ಚಾಕುವಿನಿಂದ ಒಂದೇ ಸಲ ಎಳೆದು, ಹಳೇ ಪೇಪರಿಗೆ ಒರೆಸಿದರು. ನನ್ನ ನಗು ಯಾರದೋ ಜಾಹೀರಾತಿನ ಮೇಲೆ ಗುಲಾಬಿ ಮುದ್ದೆಯಾಗಿ ಕೂತಿತ್ತು.

"ಸರಿಹೋದ ಮೇಲೆ ಬರೀತೀನಿ ಸಾರ್," ಅಂದೆ.

"ಯಾವಾಗ ಸರಿಹೋಗುತ್ತೆ?"

ಉತ್ತರ ನನ್ನ ಹತ್ತಿರ ಇತ್ತು, ಕುಂಚ ತೊಳೆಯಲು ಹೋದೆ. ಬೆಳಿಗ್ಗೆ ಒಬ್ಬಳೇ ಆಸ್ಪತ್ರೆಗೆ ಹೋಗಿ ಬಂದಿದ್ದೆ.

ಮನೆಯಲ್ಲಿ ಅಮ್ಮ ಇನ್ನೂ ಅವರನ್ನು ಬೈಯುತ್ತಿದ್ದಳು. "ಸರಿಹೋಗೋವರೆಗೂ ಆ ಹಳೇ ನಗು ಹಾಗೇ ಇದ್ರೆ ಅವರ ಗಂಟೇನು ಹೋಗುತ್ತೆ?"

"ಅಮ್ಮ, ಇವತ್ತು ಡಾಕ್ಟರ ಹತ್ರ ಹೋಗಿದ್ದೆ."

ಅಮ್ಮ ಮೆಷಿನ್ ತುಳಿಯತೊಡಗಿದಳು. ಆ ಸದ್ದಿನ ಮೇಲೆಯೇ ಜೋರಾಗಿ ಕೇಳಿದಳು, "ಏನಂದ್ರು?"

"ಇಷ್ಟು ದಿನ ಆದ್ರೂ ಬರದೇ ಇರೋದು ಇನ್ನು ಬರಲ್ಲಮ್ಮ ಅಂದ್ರು."

ಮೆಷಿನ್ ನಿಲ್ಲಲಿಲ್ಲ. ಬಟ್ಟೆ ಯಾವಾಗಲೋ ಮುಗಿದು ಸೂಜಿ ಬರೀ ದಾರ ಸುತ್ತುತ್ತಿತ್ತು. ಗಂಟು ಬಿದ್ದು ಚಕ್ರ ತಾನಾಗಿ ನಿಂತಾಗ ಅಮ್ಮ ನನ್ನ ಕಡೆ ನೋಡದೆ ಕೈ ಚಾಚಿದಳು. "ನಿಮ್ಮ ಮೇಷ್ಟ್ರಿಗೆ ಫೋನ್ ಹಚ್ಚಿ ಕೊಡು."

ಹಚ್ಚಿ ಕೊಟ್ಟೆ.

"ನಾನು ಇವಳ ಅಮ್ಮ ಮಾತಾಡ್ತಿರೋದು. ತೆಗೆದವರು ನೀವು. ಮೊದಲು ಹೇಗಿತ್ತೋ ಹಾಗೆ ನೀವೇ ಬರೆದುಕೊಡಬೇಕು."

ಆ ಕಡೆಯಿಂದ ಅವರು ಏನೋ ಹೇಳುತ್ತಲೇ ಇದ್ದರು. ಅಮ್ಮ ಗಂಟುಬಿದ್ದ ದಾರವನ್ನು ಉಗುರಿನಿಂದ ಬಿಡಿಸುತ್ತಾ ಕೇಳಿಸಿಕೊಂಡಳು. ಕೊನೆಗೆ "ಆಯ್ತು ಸಾರ್" ಎಂದು ಫೋನು ಕೊಟ್ಟಳು.

"ಬರೆದುಕೊಡ್ತಾರಂತಾ?"

"ಇಲ್ಲ. ನಾಳೆ ಬರಬೇಕಂತೆ, ನಿನ್ನ ಜೊತೆ ನಾನೂ. ಈಗಿರೋ ಬಾಯಿನೇ ನೀನು ನೋಡಿ ಬರೀಬೇಕಂತೆ, ಮನೇಲಿರೋ ಕನ್ನಡಿನೂ ತರಬೇಕಂತೆ. ಮಂಚದ ಕೆಳಗಿಂದ ತೆಗೆದು ಒರೆಸಿಡು."

"ಎಷ್ಟು ಹೊತ್ತಿಗೆ?"

"ಹತ್ತಕ್ಕೆ," ಎಂದು ಅಮ್ಮ ಸೂಜಿಗಳನ್ನು ಮತ್ತೆ ತುಟಿಗಿಟ್ಟುಕೊಂಡಳು.