ಸಕ್ಕರೆಯಿಲ್ಲದ ಚಹಾ

ಆಟಿ ತಿಂಗಳು ಬಂತೆಂದರೆ ತೀರಿಹೋದವರಿಗೆ ಎಲೆ ಹಾಕಿ ಬಡಿಸಬೇಕು. ಸುಂದರಿಗೆ ಅದರಲ್ಲಿ ರಾಜಿಯೇ ಇಲ್ಲ. ಆದರೆ ಊರಿನ ಮನೆ ಮಾರಿಯಾಗಿತ್ತು, ಅವಳೀಗ ಗಲ್ಫಿನ ಮತ್ರಾ ಪೇಟೆಯಲ್ಲಿ ಮಗ ವಿಕಾಸನ ಜತೆಗಿದ್ದಳು. ತೀರಿಕೊಂಡ ಗಂಡ ಕೊರಗಪ್ಪ ಇಲ್ಲಿ ದುಡಿಯುತ್ತಿದ್ದ ಕಾಲವಿಡೀ ಬದುಕಿದ್ದ ಫ್ಲ್ಯಾಟನ್ನೇ ಮಗ ಬಾಡಿಗೆಗೆ ಹಿಡಿದಿದ್ದ. ಇಲ್ಲಿ ಎಲೆ ಹಾಕಿದರೆ ಆ ಪುಣ್ಯಾತ್ಮ ಬರುತ್ತಾರಾ, ಇಲ್ಲ ಊರಲ್ಲಿ ಯಾರದೋ ಬಾಗಿಲಲ್ಲಿ ಹಸಿದು ನಿಲ್ಲುತ್ತಾರಾ? ಆ ಚಿಂತೆಗೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ಸೊಸೆ ಸೌಮ್ಯಶ್ರೀಗೆ ಬೇರೆಯೇ ತಲೆಬಿಸಿ. ಈಗಿನ ಅಮೆರಿಕನ್ ಕಾದಂಬರಿಗಳಲ್ಲಿ ಮನೆ ಎಂದರೇನು ಎಂಬುದು ಅವಳ ಪಿಎಚ್‌ಡಿ ವಿಷಯ.

“ಎಂತ ಹೇಳ್ತವೆ ಮಾರಾಯ್ತಿ ನಿನ್ನ ಪುಸ್ತಕಗಳು?” ಸುಂದರಿ ಕೆಣಕಿದಳು.

“ಅಲ್ಲಿಯವರು ಮನೆ ಬಿಟ್ಟು ಹೋಗ್ತಾರೆ ಅತ್ತೆ. ತುಂಬಾ ವರ್ಷ ಕಳೆದು ತಿರುಗಿ ಬಂದ್ರೆ, ಬಾಗಿಲು ತೆಗೆಯುವುದು ಗುರುತಿಲ್ಲದವರು.”

“ಅದಿರಲಿ, ಸತ್ತವರಿಗೆ ಎಲ್ಲಿ ಬಡಿಸ್ತಾರೆ?”

ಸೌಮ್ಯಶ್ರೀ ನಕ್ಕಳು. “ಅದು ನನಗೆ ಇನ್ನೂ ಯಾವುದರಲ್ಲೂ ಸಿಕ್ಕಲಿಲ್ಲ. ನೀವು ಇಲ್ಲೇ ಬಡಿಸಿ ಅತ್ತೆ.”

ಬಾಳೆಲೆ ತರಲು ಸುಂದರಿ ಕೆಳಗಿನ ಅಂಗಡಿಗೆ ಇಳಿದಳು. ಅಂಗಡಿಯ ಉಮರಬ್ಬ ಹಿಂದೆ ಕೊರಗಪ್ಪನ ಜತೆ ಅದೇ ಫ್ಲ್ಯಾಟಿನಲ್ಲಿದ್ದವರು.

“ಕೋಳಿ ತಂದು ಕೋರಿ ಗಸಿ ಮಾಡ್ತೇನೆ ಉಮರಬ್ಬಾಕ. ಮತ್ತೆ ಮೂರು ಚಮಚ ಸಕ್ಕರೆ ಹಾಕಿ ಅವರಿಗೆ ಚಾ.”

“ಸಕ್ಕರೆಯಾ? ಕೊರಗಪ್ಪಣ್ಣ ಚಾಕ್ಕೆ ಸಕ್ಕರೆ ಹಾಕುವವರೇ ಅಲ್ಲ ಅಕ್ಕ! ಲಿಂಬೆ ಹಿಂಡಿದ ಸುಲೈಮಾನಿ ಚಾ, ಅದಕ್ಕೆ ಅದ್ದಲಿಕ್ಕೆ ಬಿಸಿ ಖುಬ್ಬೂಸ್ ರೊಟ್ಟಿ. ಅಷ್ಟಾದ್ರೆ ಖಲಾಸ್, ಬೇರೆ ಎಂತದೂ ಬೇಡ.”

ಅಯ್ಯೋ ದೇವರೇ! ರಜೆಯಲ್ಲಿ ಊರಿಗೆ ಬಂದಾಗಲೆಲ್ಲ ಅವಳು ಕೊಟ್ಟ ಪಾಕದಂಥ ಚಹಾವನ್ನು ಅವರು ತುಟಿಪಿಟಿಕ್ಕೆನ್ನದೆ ಕುಡಿದಿದ್ದರಲ್ಲ, ನೆಂಟರ ಮನೆಯಲ್ಲಿ ಕುಡಿದ ಹಾಗೆ! ಸುಂದರಿಗೆ ಅಳು ಬಂತು, ಸಿಟ್ಟೂ ಬಂತು. ಒಂದು ಮಾತು ಹೇಳಲು ಬಾಯಿಗೆ ಏನಾಗಿತ್ತು ಇವರಿಗೆ? ತಾನಾದರೂ ಯಾವತ್ತು ಕೇಳಿದ್ದೆ? ಬಾಳೆಲೆಯ ಜತೆ ಖುಬ್ಬೂಸನ್ನೂ ಕಟ್ಟಿಸಿಕೊಂಡು ಮೆಟ್ಟಿಲು ಹತ್ತಿದಳು.

ಸಂಜೆ ಎಲೆಯಲ್ಲಿ ಗಸಿ, ಖುಬ್ಬೂಸ್, ಪಕ್ಕದಲ್ಲಿ ಸಕ್ಕರೆಯಿಲ್ಲದ ಸುಲೈಮಾನಿ. ಬಡಿಸಿದ ಮೇಲೆ ಉಣ್ಣುವವರನ್ನು ಅವರ ಪಾಡಿಗೆ ಬಿಡಬೇಕು. ಅತ್ತೆ ಸೊಸೆ ಬಾಗಿಲೆಳೆದುಕೊಂಡು ಹೊರಗೆ ನಿಂತರು.

ಸ್ವಲ್ಪ ಹೊತ್ತಾದ ಮೇಲೆ ಸೌಮ್ಯಶ್ರೀ ಬಾಗಿಲು ತೆರೆಯಲು ಕೈ ಚಾಚಿದಳು. ಸುಂದರಿ ಆ ಕೈ ತಡೆದು, ಬಾಗಿಲನ್ನು ಮೆಲ್ಲಗೆ ತಟ್ಟಿದಳು.

“ನಮ್ಮದೇ ಮನೆಗೆ ತಟ್ಟುವುದಾ ಅತ್ತೆ?”

“ಇದು ಅವರ ಮನೆ ಮಗಾ. ಊರಿಗೆ ಅವರು ನೆಂಟರ ಹಾಗೆ ಬಂದು ಹೋಗ್ತಿದ್ರು. ಇವತ್ತು ಹಾಗೆ ಬಂದದ್ದು ನಾನು,” ಎಂದು ಸುಂದರಿ ಸೆರಗು ಸರಿಮಾಡಿಕೊಂಡು ಕಾದು ನಿಂತಳು.