ಐಸ್ ಗಾಡಿಗೆ ಕಟ್ಟಿದ ಕೆಂಪು ಗುರುತು

ಎರಡು ದೇಶಗಳ ನಡುವೆ ಗಡಿಯ ಜಗಳ ಶುರುವಾಯಿತು. ಜಗಳ ಯುದ್ಧವಾಯಿತು. ಆ ಯುದ್ಧ ಬಂದು ಬಂದು ಒಂದು ಸಣ್ಣ ಊರಿನ ಐಸ್ ಗಾಡಿಯ ಮುಂದೆಯೂ ನಿಂತಿತು.

ಆ ಊರಿಗೂ ಪಟ್ಟಣಕ್ಕೂ ಇರುವುದು ಒಂದೇ ರಸ್ತೆ. ನಡುವೆ ಒಂದು ಗುಡ್ಡ. ಗುಡ್ಡದ ಮೇಲೆ ಎದುರಾಳಿ ದೇಶದ ಸೈನ್ಯ, ಕೆಳಗಿನ ತಿರುವಿನಲ್ಲಿ ಈ ದೇಶದ ಸೈನ್ಯದ ಚೆಕ್‌ಪೋಸ್ಟು. ಗುಂಡಿನ ಸದ್ದು ನಿಂತ ಮೇಲೆಯೇ ಗಾಡಿಗಳನ್ನು ಬಿಡುತ್ತಿದ್ದರು. ಬಸ್ಸು, ತರಕಾರಿ ಲಾರಿ, ಮದುವೆ ಕಾರು, ಎಲ್ಲವೂ ಸಾಲಿನಲ್ಲಿ ಕಾಯಬೇಕು. ಕಾಯದೆ ಹೋಗುತ್ತಿದ್ದುದು ಆಂಬುಲೆನ್ಸ್ ಮಾತ್ರ. ಅದರ ಮೇಲಿನ ರೆಡ್ ಕ್ರಾಸ್ ಗುರುತು ಕಂಡರೆ ಕೆಳಗಿನವರೂ ತಡೆಯುತ್ತಿರಲಿಲ್ಲ, ಮೇಲಿನವರೂ ಗುಂಡು ಹಾರಿಸುತ್ತಿರಲಿಲ್ಲ.

ಕಾಯುವುದು ಐಸಿಗೆ ಬಾರದ ವಿದ್ಯೆ. ಪಟ್ಟಣದಿಂದ ಐಸ್ ಗಡ್ಡೆ ತಂದು ಊರಿನ ಮೀನು ಮಾರ್ಕೆಟ್ಟಿಗೆ ಹಾಕುತ್ತಿದ್ದವನೊಬ್ಬನಿದ್ದ. ಎಲ್ಲರೂ ಅವನನ್ನು ಐಸಣ್ಣ ಎನ್ನುತ್ತಿದ್ದರು. ಚೆಕ್‌ಪೋಸ್ಟಿನಲ್ಲಿ ನಿಂತಾಗೆಲ್ಲ ಅವನ ಗಾಡಿಯ ಕೆಳಗೆ ನೀರು ಹರಿಯುತ್ತಿತ್ತು, ಒಳಗೆ ಅವನ ಹೊಟ್ಟೆ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ಅವನು ಬಿಳಿ ಹಾಸಿಗೆ ಬಟ್ಟೆ, ಕೆಂಪು ಬಟ್ಟೆ ಹಿಡಿದುಕೊಂಡು ಅಕ್ಕನ ಮನೆಗೆ ಬಂದ. ಅಕ್ಕ ಟೈಲರ್. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ.

“ಅಕ್ಕ, ಈ ಬಿಳಿ ಬಟ್ಟೆ ಮೇಲೆ ಕೆಂಪು ಪಟ್ಟಿ ಹೀಗೊಂದು ಉದ್ದ, ಹೀಗೊಂದು ಅಡ್ಡ ಇಟ್ಟು ಹೊಲ್ಕೊಡು. ಗಾಡಿಯ ಆ ಮಗ್ಗುಲಿಗೊಂದು, ಈ ಮಗ್ಗುಲಿಗೊಂದು.”

“ರೆಡ್ ಕ್ರಾಸಾ? ಯಾಕೋ, ಮೀನಿಗೆ ಜ್ವರ ಬಂದಿದ್ಯಾ?”

“ನಗಬೇಡ. ನಿನ್ನೆ ಅರ್ಧ ಲೋಡು ರಸ್ತೆ ಪಾಲಾಯ್ತು. ಈ ಗುರುತಿದ್ರೆ ಯಾರೂ ತಡೆಯಲ್ಲ.”

ಒಳಗೆ ಊಟ ಮಾಡುತ್ತಿದ್ದ ಟೈಲರಮ್ಮನ ಮಗಳು ಕೈ ತೊಳೆದು ಹೊರಗೆ ಬಂದಳು. ಅವಳು ಊರಿನ ಆಸ್ಪತ್ರೆಯ ನರ್ಸ್. ಆಂಬುಲೆನ್ಸಿನಲ್ಲಿ ರೋಗಿಗಳ ಜೊತೆ ಪಟ್ಟಣಕ್ಕೆ ಹೋಗಿ ಬರುವವಳು.

“ಮಾವ, ಅದು ಮಾತ್ರ ಬೇಡ. ಕಾನೂನಿಗೆ ವಿರುದ್ಧ.”

“ಬಾಂಬ್ ಬೀಳ್ತಿರೋವಾಗ ಎಂಥಾ ಕಾನೂನು ಕಣೇ? ಗೆದ್ದೋನು ಹೇಳಿದ್ದೇ ಕಾನೂನು.”

“ಕಾನೂನೇ ಇಲ್ಲ ಅಂದ್ಮೇಲೆ ಆ ಬಟ್ಟೆ ಕಟ್ಟಿ ಏನು ಸುಖ? ಅದನ್ನ ನೋಡಿ ಗುಡ್ಡದ ಮೇಲಿನವರು ಸುಮ್ಮನಿರ್ತಾರೆ ಅಂತ ತಾನೇ ನೀವು ಕಟ್ಟೋದು?”

ಐಸಣ್ಣ ಅಕ್ಕನ ಕಡೆ ತಿರುಗಿದ. “ನೀನು ಇವಳನ್ನ ನರ್ಸ್ ಓದಿಸಿದ್ಯೋ, ಲಾಯರ್ ಓದಿಸಿದ್ಯೋ?”

ಮಗಳು ನಗಲಿಲ್ಲ. “ಜಿನೀವಾ ಒಪ್ಪಂದ ಅಂತ ಇದೆ ಮಾವ. ನಮ್ಮ ದೇಶಾನೂ ಸಹಿ ಹಾಕಿದೆ, ಅವರ ದೇಶಾನೂ ಹಾಕಿದೆ. ಗಾಯ ಆದವರನ್ನ, ರೋಗಿಗಳನ್ನ, ಅವರನ್ನ ನೋಡ್ಕೊಳ್ಳೋರನ್ನ ಯಾರೂ ಹೊಡೀಬಾರದು ಅಂತ. ಗುಡ್ಡದ ಮೇಲಿರೋನಿಗೆ ನನ್ನ ಮುಖ ಕಾಣಲ್ಲ, ಒಳಗೆ ಮಲಗಿರೋ ರೋಗೀನೂ ಕಾಣಲ್ಲ. ಗುರುತು ಒಂದೇ ಕಾಣೋದು. ಅದು ಸುಳ್ಳು ಹೇಳಿದ್ರೆ ನಾಳೆ ನನ್ನ ಗಾಡೀನ ಯಾರು ನಂಬ್ತಾರೆ?”

“ನಾನು ತರೋದು ಐಸು ಕಣಮ್ಮ, ಮದ್ದುಗುಂಡಲ್ಲ.”

ಮಗಳಿಗೆ ಡ್ಯೂಟಿಗೆ ಹೊತ್ತಾಗಿತ್ತು, ಹೊರಟುಹೋದಳು. ಐಸಣ್ಣ ಸ್ಟೂಲಿನ ಮೇಲೆ ಕುಳಿತು ನೆಲ ನೋಡತೊಡಗಿದ. ತಾಯಿ ತೀರಿಕೊಂಡ ಮೇಲೆ ಟೈಲರಮ್ಮನೇ ಎತ್ತಿ ಆಡಿಸಿ ಬೆಳೆಸಿದ ತಮ್ಮ ಅವನು. ಅವನ ಮುಖ ಸಣ್ಣದಾದರೆ ಅವಳಿಗೆ ತಡೆಯುತ್ತಿರಲಿಲ್ಲ. “ಸ್ವಲ್ಪ ದಿನದ ಮಟ್ಟಿಗೆ ಮಾತ್ರ” ಎಂದು ಮಷೀನಿನ ಪೆಡಲ್ ಒತ್ತಿದಳು.

ಬಟ್ಟೆ ಚೆನ್ನಾಗಿಯೇ ಕೆಲಸ ಮಾಡಿತು. ಐಸಣ್ಣನ ಗಾಡಿ ಸಾಲು ತಪ್ಪಿಸಿ ಮುಂದೆ ಹೋಗತೊಡಗಿತು. ಚೆಕ್‌ಪೋಸ್ಟಿನ ಅಧಿಕಾರಿಗೆ ವಿಷಯ ಗೊತ್ತಾಗಲು ತಡವಾಗಲಿಲ್ಲ. ಬೈಯುವ ಬದಲು ಅವನು ಒಂದು ಕೆಲಸ ಹೇಳಿದ. “ಹೇಗೂ ಬರ್ತೀಯಲ್ಲ, ಪಟ್ಟಣದಿಂದ ನಮ್ಮ ಡೀಸೆಲ್ ಡ್ರಮ್ಮುಗಳನ್ನೂ ಹಾಕ್ಕೊಂಡು ಬಾ.” ಸೈನ್ಯದವರಿಗೆ ಇಲ್ಲ ಎನ್ನಲು ಐಸಣ್ಣನಿಗೆ ಬಾಯಿ ಬರಲಿಲ್ಲ. ಐಸಿನ ಹಿಂದೆ ಡ್ರಮ್ಮು ತುಂಬಿ ತಂದ. ಹಗಲು ಹೊತ್ತಿನಲ್ಲೇ ಚೆಕ್‌ಪೋಸ್ಟಿನ ಹಿಂದೆ ಇಳಿಸಿದ. ಗುಡ್ಡದ ಮೇಲಿನವರ ಬಳಿ ದುರ್ಬೀನು ಇರುತ್ತದೆ ಎಂದು ಅವನಿಗೂ ಹೊಳೆಯಲಿಲ್ಲ, ಅಧಿಕಾರಿಗೂ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಟೈಲರಮ್ಮನ ಗಂಡನಿಗೆ ಹೊಟ್ಟೆನೋವು ಬಂತು. ಬಾಗಿದವನಿಗೆ ನೆಟ್ಟಗಾಗಲು ಆಗಲಿಲ್ಲ. ಅಪೆಂಡಿಕ್ಸ್, ತಕ್ಷಣ ಆಪರೇಷನ್ ಆಗಬೇಕು ಎಂದರು ಡಾಕ್ಟರು. ಆಪರೇಷನ್ ಮಾಡುವವರು ಇದ್ದುದು ಪಟ್ಟಣದಲ್ಲಿ. ಆಂಬುಲೆನ್ಸ್ ಹೊರಟಿತು. ಒಳಗೆ ಸ್ಟ್ರೆಚರಿನ ಒಂದು ಕಡೆ ಮಗಳು, ಇನ್ನೊಂದು ಕಡೆ ಹೆಂಡತಿ.

ಗುಡ್ಡದ ತಿರುವು ದಾಟುತ್ತಿದ್ದಂತೆ ಗಾಡಿಯ ಮುಂದೆಯೇ ರಸ್ತೆಗೆ ಗುಂಡು ಬಡಿಯಿತು. ಗಾಜಿಗೆ ಜಲ್ಲಿ ಸಿಡಿಯಿತು. ಡ್ರೈವರ್ ಬ್ರೇಕ್ ಹಾಕಿ ಎರಡೂ ಕೈ ಮೇಲೆತ್ತಿದ. ಮೇಲಿನಿಂದ ಮೈಕಿನಲ್ಲಿ ಒಬ್ಬ ಈ ಕಡೆಯ ಭಾಷೆಯನ್ನೇ ತೊದಲುತ್ತ ಕೂಗಿದ:

“ಎಲ್ಲರೂ ಇಳೀರಿ! ನಿನ್ನೆ ಇದೇ ಗುರುತಿನ ಗಾಡೀಲಿ ಡೀಸೆಲ್ ಬಂತು! ಇವತ್ತು ಏನಿದೆ ತೋರಿಸಿ!”

ಡೀಸೆಲ್ ವಿಷಯ ಟೈಲರಮ್ಮನಿಗೆ ಗೊತ್ತಿರಲಿಲ್ಲ. ಆದರೆ ಯಾವ ಗಾಡಿ ಎಂದು ಆ ಕ್ಷಣವೇ ತಿಳಿಯಿತು. ಮಗಳು ತಾಯಿಯ ಮುಖ ನೋಡಿದಳು.

ಸ್ಟ್ರೆಚರನ್ನು ಸುಡುವ ರಸ್ತೆಯ ಮೇಲೆ ಇಳಿಸಿದರು. ಬಾಗಿಲು ತೆರೆದರು, ಸೀಟು ಎತ್ತಿ ತೋರಿಸಿದರು, ಔಷಧಿ ಪೆಟ್ಟಿಗೆಯನ್ನು ರಸ್ತೆಗೆ ಸುರಿದರು. ಟೈಲರಮ್ಮ ಗಂಡನ ಮುಖಕ್ಕೆ ಹೊದಿಕೆಯ ನೆರಳು ಹಿಡಿದು ನಿಂತಳು. ಅವನ ಹಲ್ಲು ಕಟಕಟ ಎನ್ನುತ್ತಿತ್ತು. ಮೇಲಿನವರು ತಮ್ಮತಮ್ಮಲ್ಲೇ ಮಾತಾಡಿಕೊಂಡು, ಯಾರನ್ನೋ ಕೇಳಿ, ಕೊನೆಗೆ “ಹೋಗಿ” ಎನ್ನುವ ಹೊತ್ತಿಗೆ ಬಿಸಿಲು ಇಳಿದಿತ್ತು.

ಅಪೆಂಡಿಕ್ಸ್ ದಾರಿಯಲ್ಲೇ ಒಡೆದಿತ್ತು. ಜೀವ ಉಳಿಯಿತು. ಆದರೆ ಕೀವು ಒಳಗೆಲ್ಲ ಹರಡಿ, ಮತ್ತೆ ಮತ್ತೆ ಹೊಟ್ಟೆ ಕೊಯ್ಯಬೇಕಾಯಿತು. ಭಾರ ಎತ್ತುವ ಕೆಲಸ ಇನ್ನು ಅವನ ಕೈಯಲ್ಲಿ ಆಗದು ಎಂದರು ಡಾಕ್ಟರು.

ಸುದ್ದಿ ಕೇಳಿ ಐಸಣ್ಣ ಆಸ್ಪತ್ರೆಗೆ ಓಡಿಬಂದ. ಭಾವನನ್ನು ನೋಡಿ ಬಾಗಿಲಲ್ಲೇ ನಿಂತ. ಆಮೇಲೆ ಸಿಟ್ಟಿನಿಂದ ಹೇಳಿದ, “ಆಂಬುಲೆನ್ಸಿಗೆ ಗುಂಡು ಹಾರಿಸಿದ್ರಲ್ಲ, ಅವರದೇನೂ ತಪ್ಪಿಲ್ವಾ?”

“ಖಂಡಿತ ಇದೆ,” ಎಂದಳು ನರ್ಸ್ ಮಗಳು. “ಸಂಶಯ ಬಂದ್ರೆ ನಿಲ್ಲಿಸಿ ನೋಡಬಹುದು. ರೋಗಿ ಇರೋ ಗಾಡಿ ಕಡೆ ಗುಂಡು ಹಾರಿಸೋ ಹಾಗಿಲ್ಲ. ಎರಡೂ ಕಡೆಗೆ ಸೇರದ ರೆಡ್ ಕ್ರಾಸ್ ಸಮಿತಿಯವರಿಗೆ ಡ್ರೈವರ್ ಎಲ್ಲ ಹೇಳಿದ್ದಾನೆ. ಇಂಥದ್ದನ್ನ ವಿಚಾರಿಸೋಕೆ ಕೋರ್ಟುಗಳಿವೆ ಮಾವ, ಯುದ್ಧ ಮುಗಿದು ಎಷ್ಟು ವರ್ಷ ಆದ್ರೂ ಕೇಳ್ತಾರೆ. ಆದ್ರೆ ಕೋರ್ಟು ಅವರನ್ನ ಮಾತ್ರ ಕೇಳಲ್ಲ, ನಮ್ಮನ್ನೂ ಕೇಳುತ್ತೆ. ಗುರುತಿನ ಮರೇಲಿ ಡೀಸೆಲ್ ತಂದೋರು ಯಾರು ಅಂತ.”

“ಅವನೊಬ್ಬನನ್ನೇ ಅನ್ನಬೇಡ,” ಎಂದಳು ಟೈಲರಮ್ಮ. “ಹೊಲಿದಿದ್ದು ನಾನು.”

ಐಸಣ್ಣನ ಸಿಟ್ಟು ಅಲ್ಲಿಗೇ ಇಳಿಯಿತು. ಭಾವನ ಕಾಲ ಬಳಿ ಕುಳಿತು ಬಹಳ ಹೊತ್ತು ಅತ್ತ. ಎದ್ದವನು ನೇರ ಚೆಕ್‌ಪೋಸ್ಟಿಗೆ ಹೋಗಿ, ಅಧಿಕಾರಿಯ ಮುಂದೆಯೇ ಎರಡೂ ಬಟ್ಟೆ ಬಿಚ್ಚಿದ. “ಸಾಹೇಬ್ರೇ, ಇನ್ನು ಡ್ರಮ್ಮು ನಿಮ್ಮ ಲಾರೀಲೇ ತರಿಸ್ಕೊಳ್ಳಿ. ನಾನು ಸಾಲಲ್ಲಿ ನಿಲ್ತೀನಿ.” ಅಧಿಕಾರಿ ಗುಡುಗಿದ. ಆದರೆ ಆಂಬುಲೆನ್ಸಿನ ವಿಷಯ ಅವನ ಮೇಲಧಿಕಾರಿಗಳ ಕಿವಿಗೆ ಬಿದ್ದಾಗಿತ್ತು. ಆ ವಾರವೇ ಅವನನ್ನು ಅಲ್ಲಿಂದ ಎತ್ತಂಗಡಿ ಮಾಡಿ ವಿಚಾರಣೆಗೆ ಕರೆದರು. ಐಸಣ್ಣನ ಗಾಡಿಯನ್ನೂ ಕೆಲವು ದಿನ ಹಿಡಿದಿಟ್ಟುಕೊಂಡರು.

ಕಳೆದುಹೋದ ನಂಬಿಕೆ ಮಾತ್ರ ಬೇಗ ವಾಪಸ್ಸು ಬರಲಿಲ್ಲ. ರೆಡ್ ಕ್ರಾಸ್ ಸಮಿತಿಯವರು ಎರಡೂ ಕಡೆ ಓಡಾಡಿ, ಮಾತಾಡಿ, ಆಂಬುಲೆನ್ಸಿಗೆ ದಾರಿ ಬಿಡಿಸಿದರು. ಆದರೂ ಗುಡ್ಡದ ಮೇಲಿನವರು ತಿರುವಿನಲ್ಲಿ ಪ್ರತಿ ಸಲ ನಿಲ್ಲಿಸಿ ಬಾಗಿಲು ತೆಗೆಸುತ್ತಿದ್ದರು. ಐಸಣ್ಣ ಈಗ ಗಡ್ಡೆಗಳನ್ನು ಮರದ ಹೊಟ್ಟಿನಲ್ಲಿ ಹೂತು, ಮೇಲೆ ಗೋಣಿ ಮುಚ್ಚಿ ತರುತ್ತಾನೆ. ಸಾಲಿನಲ್ಲಿ ಪಕ್ಕದ ಗಾಡಿಯವರು ಯಾರಾದರೂ “ಒಂದು ರೆಡ್ ಕ್ರಾಸ್ ಅಂಟಿಸ್ಕೊಂಡ್ರೆ ಸಲೀಸಾಗಿ ಹೋಗಬಹುದಲ್ವಾ?” ಎಂದರೆ ಇಳಿದು ಬಂದು, ಭಾವನ ಹೊಟ್ಟೆಯ ಕಥೆಯನ್ನು ಮೊದಲಿನಿಂದ ಹೇಳುತ್ತಾನೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಊರಿನಲ್ಲಿ ಯುದ್ಧ ಇಲ್ಲದಿರಬಹುದು. ಆದರೂ ಒಮ್ಮೆ ಎದ್ದು ನೋಡಿ. ನಿಮ್ಮ ಕಾರಿನ ಗಾಜಿನ ಮೇಲೆ, ಔಷಧಿ ಅಂಗಡಿಯ ಬೋರ್ಡಿನಲ್ಲಿ, ಕ್ಲಿನಿಕ್ಕಿನ ಗೋಡೆಯ ಮೇಲೆ ಬಿಳಿಯ ನಡುವೆ ಕೆಂಪು ಕ್ರಾಸ್ ಇದೆಯೇ? ಅದು ಅಲಂಕಾರವಲ್ಲ, ವ್ಯಾಪಾರದ ಗುರುತೂ ಅಲ್ಲ. ಕೆಲವು ದೇಶಗಳಲ್ಲಿ ಇದರ ಬದಲು ಬಳಸುವ ಕೆಂಪು ಅರ್ಧಚಂದ್ರಕ್ಕೂ ಇದೇ ಮಾತು. ಕಾನೂನಿನ ಪ್ರಕಾರ ಅನುಮತಿ ಪಡೆದವರು ಮಾತ್ರ ಅದನ್ನು ಬಳಸಬೇಕು. ನಿಮಗೆ ಅನುಮತಿ ಇಲ್ಲವಾದರೆ ಇವತ್ತೇ ಅಳಿಸಿ, ಬೇರೆ ಚಿತ್ರ ಬರೆಸಿಕೊಳ್ಳಿ. ಆ ಗುರುತನ್ನು ದೂರದಿಂದ ನೋಡುವವನಿಗೆ ಒಳಗೆ ಯಾರಿದ್ದಾರೆಂದು ಕಾಣುವುದಿಲ್ಲ. ನಂಬಬೇಕೋ ಬೇಡವೋ ಎಂದು ಅವನು ಯೋಚಿಸುತ್ತಿರುವಾಗ ಸ್ಟ್ರೆಚರಿನ ಮೇಲೆ ಮಲಗಿರುವವರು ನಮ್ಮ ಮನೆಯವರೇ ಆಗಿರಬಹುದು.