ಹದಿನೇಳನೇ ನಂಬರ್ ಎಂಜಿನ್ನಿನ ಬೋರ್ಡು

ಹದಿನೇಳನೇ ನಂಬರ್ ಎಂಜಿನ್ನಿಗೆ ಹಸಿರು ಬಣ್ಣ ಬಳಿದಿದ್ದರು. ನಲವತ್ತೊಂದು ವರ್ಷ ಮಸಿ ಮೆತ್ತಿಕೊಂಡು ಗೇಯ್ದ ಕರಿ ಎಂಜಿನ್ನು ಈಗ ಫೋಟೋ ತೆಗೆಸಿಕೊಳ್ಳಲು ಹೊರಟಂತೆ ನಿಂತಿತ್ತು. ನಿವೃತ್ತ ಬಾಯ್ಲರ್ ಫಿಟ್ಟರ್ ಅದನ್ನು ಒಂದು ಸುತ್ತು ನೋಡಿ ಮೂಗು ಮುರಿದ. ರೈಲ್ವೆ ಶೆಡ್ಡನ್ನು ಮ್ಯೂಸಿಯಂ ಮಾಡಲು ಬಂದ ಅಧಿಕಾರಿಗೆ ಸ್ಪ್ಯಾನರ್ ಯಾವುದು, ಸುತ್ತಿಗೆ ಯಾವುದು ಗೊತ್ತಿಲ್ಲ. ಎಂಜಿನ್ನಿನ ಚರಿತ್ರೆ ಮಾತ್ರ ಬರೆದಿದ್ದ. ಬೋರ್ಡಿಗೆ ಏರಿಸುವ ಮೊದಲು ತಪ್ಪಿದ್ದರೆ ತಿದ್ದಿ ಎಂದು ಹಳಬರನ್ನು ಕರೆಸಿದ್ದ. ಹಳಬರೆಂದು ಉಳಿದವರು ಇಬ್ಬರೇ, ಫಿಟ್ಟರ್ ಮತ್ತು ಅವನ ಅಕ್ಕ. ಅಕ್ಕನ ಗಂಡ ಹನ್ನೊಂದು ವರ್ಷ ಈ ಎಂಜಿನ್ ಓಡಿಸಿದ್ದ.

ಅಧಿಕಾರಿ ಓದುತ್ತಾ ಹೋದ, ಫಿಟ್ಟರ್ ಅವನ ಬೆವರಿಳಿಸುತ್ತಾ ಹೋದ. 'ಮಾರ್ಗದ ರಾಣಿ' ಎಂದಿತ್ತು. ರಾಣಿಯೂ ಇಲ್ಲ, ಮಣ್ಣೂ ಇಲ್ಲ, ಕಲ್ಲಿದ್ದಲು ಹೊರುವ ಕತ್ತೆ ಎಂದು ಹೊಡೆದುಹಾಕಿದ. ಗಂಟೆಗೆ ಎಂಬತ್ತು ಮೈಲಿ ಎಂದಿತ್ತು. ಇಳಿಜಾರಿನಲ್ಲಿ ಹಿಂದಿನಿಂದ ತಳ್ಳಿದರೂ ಅದು ಮೂವತ್ತು ದಾಟುತ್ತಿರಲಿಲ್ಲ. ಕೊನೆಯ ವರ್ಷಗಳಲ್ಲಿ 'ವಿಶೇಷ ಸೇವೆ' ಎಂದಿತ್ತು. ಶೆಡ್ಡಿನ ಹಿಂದೆ ನಿಂತು ಕೆಲಸಗಾರರ ಸ್ನಾನಕ್ಕೆ ನೀರು ಕಾಯಿಸಿದ್ದನ್ನು ಸೇವೆ ಎಂದರೆ ಸೇವೆಯೇ ಸರಿ. ಯಾವ ಪುಣ್ಯಾತ್ಮ ಹೇಳಿದ ನಿಮಗೆ ಎಂದು ಅವನು ಕೇಳಿದಾಗಲೆಲ್ಲ ಅಧಿಕಾರಿ ತಲೆ ಕೆರೆದುಕೊಂಡ. ಫಿಟ್ಟರ್‌ಗೆ ಹಾಯೆನಿಸಿತು. ಎಂಜಿನ್ ಗೊತ್ತಿಲ್ಲದವರನ್ನು ಅವನು ಯಾವತ್ತೂ ಮನುಷ್ಯರ ಲೆಕ್ಕಕ್ಕೆ ಸೇರಿಸಿದವನಲ್ಲ.

ಆಮೇಲೆ ಆ ಸಾಲು ಬಂತು. ಎಂಜಿನ್ನಿನ ಇಪ್ಪತ್ತೆಂಟನೇ ವರ್ಷ, ಚಾಲಕನ ಅಜಾಗರೂಕತೆಯಿಂದ ನೀರು ಆರಿ ಬಾಯ್ಲರ್ ಸುಟ್ಟುಹೋಯಿತು.

"ಇದಾದ್ರೂ ಸರಿ ಇದೆ ತಾನೇ, ಯಜಮಾನ್ರೇ?"

ಫಿಟ್ಟರ್ ಪೆನ್ನು ಕೆಳಗಿಟ್ಟ. ಆ ವಾರ ಬಾಯ್ಲರ್ ತೊಳೆಯುವ ಸರದಿ ಅವನದು. ಮೈಗಳ್ಳತನಕ್ಕೆ ತೊಳೆಯದೆಯೇ ತೊಳೆದೆನೆಂದು ಸಹಿ ಹಾಕಿದ್ದ. ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯ ಬುಡದಲ್ಲಿ ಗಸಿ ಕಟ್ಟಿಕೊಂಡು, ಒಳಗೆ ನೀರು ಆರುತ್ತಿದ್ದರೂ ಗಾಜಿನಲ್ಲಿ ಅರ್ಧ ನೀರು ನಿಂತೇ ಇತ್ತು. ಭಾವ ಅದನ್ನು ನಂಬಿದ, ಕೆಲಸ ಕಳೆದುಕೊಂಡ. ಕುಡಿದಿದ್ದನೆಂದು ನೆಂಟರೇ ಆಡಿಕೊಂಡರು. ಏಳು ವರ್ಷ ತಲೆ ಎತ್ತಿ ಬೀದಿಯಲ್ಲಿ ನಡೆಯದೆ ಸತ್ತ. ಅಷ್ಟೂ ವರ್ಷ ಈ ಮಹಾಶಯ ಅಕ್ಕನ ಮನೆಯಲ್ಲಿ ಉಂಡು ಕೈ ತೊಳೆದುಕೊಂಡು ಬರುತ್ತಿದ್ದ, ತುಟಿ ಪಿಟಕ್ಕೆನ್ನಲಿಲ್ಲ.

ಈಗಲೂ ಹೂಂ ಅಂದರೆ ಮುಗಿಯುತ್ತಿತ್ತು. ಆದರೆ ಅಕ್ಕ ಅವನ ಮುಖವನ್ನೇ ನೋಡುತ್ತಿದ್ದಳು.

"ಸರಿ ಇಲ್ಲ," ಎಂದ. ನಡೆದದ್ದನ್ನೆಲ್ಲ ಗೋಡೆ ನೋಡುತ್ತಾ ಹೇಳಿದ.

ಅಧಿಕಾರಿಗೆ ಗಲಿಬಿಲಿಯಾಯಿತು. ಜನ ಮಕ್ಕಳು ಮರಿ ಕಟ್ಟಿಕೊಂಡು ಬರುವ ಜಾಗ, ಆ ಸಾಲೇ ಬೇಡ, ತೆಗೆದುಬಿಡೋಣ ಎಂದ. ಫಿಟ್ಟರ್‌ಗೆ ಹೋದ ಜೀವ ಬಂದಂತಾಯಿತು. ಹೇಡಿಯ ಹಾಗೆ ತಲೆಯಾಡಿಸಿದ.

"ತೆಗೀಬೇಡಿ," ಎಂದಳು ಅಕ್ಕ. ದನಿ ಏರಿಸಲಿಲ್ಲ. "ಚಾಲಕ ಅನ್ನೋದನ್ನ ಹೊಡೆದು ಫಿಟ್ಟರ್ ಅಂತ ಮಾಡಿ. ಬೆಳಗ್ಗೆಯಿಂದ ಊರವರ ತಪ್ಪೆಲ್ಲ ತಿದ್ದಿದಾನಲ್ಲ, ಇದನ್ನೂ ಅವನೇ ತಿದ್ದಲಿ."

ಅಧಿಕಾರಿ ಹಾಳೆಯನ್ನು ಮುಂದೆ ಸರಿಸಿದ. ಫಿಟ್ಟರ್ ಬರೆದು ಮುಗಿಸುವವರೆಗೂ ಅಕ್ಕ ಕೂತಿದ್ದಳು. ಬರೆದದ್ದನ್ನು ಎರಡು ಸಲ ಓದಿದಳು. ಆಮೇಲೆ ಎದ್ದು, ಬರ್ತೀನಿ ಎಂದು ಅಧಿಕಾರಿಗೆ ಹೇಳಿದಳು, ತಮ್ಮನಿಗೆ ಹೇಳಲಿಲ್ಲ.